ರೂಮು ಕಟ್ಟಿಸೋ ಮುಂಚೆ

ಭದ್ರಾವತಿ

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಫೋನಿನಲ್ಲಿ ನೀನು ಹೇಳಿದ್ದನ್ನೇ ಎರಡು ದಿನದಿಂದ ಯೋಚಿಸ್ತಾ ಇದ್ದೇನೆ. ಕೋಲಾರದ ನರಸಾಪುರದ ಹತ್ತಿರದ ನಿಮ್ಮ ಒಂದು ಎಕರೆಯಲ್ಲಿ ಸಾಲ ತೆಗೆದು ಇಪ್ಪತ್ತನಾಲ್ಕು ರೂಮು ಕಟ್ಟಿಸ್ತೀಯಂತೆ. ನಿನ್ನ ಲೆಕ್ಕ ನನಗೆ ಅರ್ಥವಾಗುತ್ತೆ. 2013ರಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಬಂತು. ಆಮೇಲೆ ಐಫೋನ್ ಜೋಡಿಸುವ ಕಾರ್ಖಾನೆಯೂ ಬಂತು. ಶಿಫ್ಟಿಗೆ ಬರುವ ಹುಡುಗ ಹುಡುಗಿಯರಿಗೆ ಇರೋಕೆ ಜಾಗ ಬೇಕು. ಆದರೆ ನಾನು ಭದ್ರಾವತಿಯವನು ಕಣೋ, ಸುಮ್ನೆ ಹೂಂ ಅನ್ನೋಕಾಗಲ್ಲ.

ಈ ಊರಿಗೆ ಮೊದಲು ಬೆಂಕಿಪುರ ಅಂತಿದ್ದರು. 1923ರಲ್ಲಿ ಇಲ್ಲಿ ಕಬ್ಬಿಣ ತಯಾರಾಗೋಕೆ ಶುರುವಾಯಿತು. ಅದಿರು ಕೆಮ್ಮಣ್ಣುಗುಂಡಿಯಿಂದ, ಇದ್ದಿಲಿಗೆ ಸುತ್ತಲ ಕಾಡು, ನೀರಿಗೆ ಭದ್ರೆ. ಮುಂದೆ ಪೇಪರ್ ಮಿಲ್ಲೂ ಬಂತು. ಸೈರನ್ ಕೂಗಿದ ಮೇಲೇ ನಮ್ಮಮ್ಮ ಅನ್ನಕ್ಕೆ ಎಸರಿಡುತ್ತಿದ್ದಳು. ಮನೆಯಲ್ಲಿ ಗಡಿಯಾರ ಇತ್ತು, ಅದನ್ನು ಯಾರೂ ನೋಡುತ್ತಿರಲಿಲ್ಲ.

ಇನ್ನು ನಿನಗೆ ಹೇಳದ ಮಾತು. ರಿಟೈರ್ ಆದಾಗ ಬಂದ ದುಡ್ಡಿಗೆ ಸಾಲವನ್ನೂ ಸೇರಿಸಿ ಮಿಲ್ಲಿನ ಕಡೆ ಆರು ಬಾಡಿಗೆ ಮನೆ ಕಟ್ಟಿಸಿದ್ದೆ. 2015ರಲ್ಲಿ ಮಿಲ್ಲಿನ ಕೆಲಸ ನಿಂತಿತು. ವರ್ಷ ತುಂಬುವಷ್ಟರಲ್ಲಿ ನಾಲ್ಕು ಮನೆಗೆ ಬೀಗ ಬಿತ್ತು. ಒಂದು ಮನೆಯ ಅಡುಗೆಕೋಣೆಯಲ್ಲಿ ಕ್ಯಾಲೆಂಡರ್ ಹಾಗೇ ನೇತಾಡುತ್ತಿತ್ತು. ಹಾಲಿನ ಲೆಕ್ಕ, ಅರ್ಧ ಲೀಟರ್, ಅರ್ಧ ಲೀಟರ್ ಅಂತ ಹದಿನೇಳನೇ ತಾರೀಖಿನವರೆಗೆ. ಮುಂದೆ ಖಾಲಿ. ಸಾಲದ ಕಂತು ಮಾತ್ರ ತಿಂಗಳು ತಿಂಗಳು ಸರಿಯಾಗಿ ಬರ್ತಾ ಇತ್ತು! ಯಾರನ್ನೂ ದೂರಲ್ಲ. ಒಂದೇ ಗೇಟನ್ನು ನಂಬಿ ಕಟ್ಟಿಸಿದವನು ನಾನು.

ಹಾಗಂತ ಕಟ್ಟಿಸಬೇಡ ಅಂತಲ್ಲ. ಮೊದಲು ಆರು ಕಟ್ಟಿಸು, ಅದೂ ಕೈಯಲ್ಲಿರೋ ದುಡ್ಡಲ್ಲಿ. ಗೂಡಿನಂಥ ರೂಮು ಬೇಡ. ಕಾರ್ಖಾನೆಯವರು ಹೋದರೆ ಅಂಥದ್ದನ್ನು ಯಾರೂ ಕೇಳಲ್ಲ. ಒಂದು ರೂಮು, ಪುಟ್ಟ ಅಡುಗೆಮನೆ, ಒಳಗೇ ಬಚ್ಚಲು ಇದ್ದರೆ ನಾಳೆ ಮೇಷ್ಟ್ರೋ ನರ್ಸೋ ಸಂಸಾರ ಹೂಡಬಹುದು. ಪಾಯ ತೆಗೆಯೋ ಮುಂಚೆ ಬೋರ್ ಕೊರೆಸಿ ನೋಡು. ಕೋಲಾರದ ಬೋರುಗಳ ಕಥೆ ನಿನಗೆ ನಾನು ಹೇಳಬೇಕಾ? ಭೂ ಪರಿವರ್ತನೆ ಆಗದೆ ಒಂದು ಇಟ್ಟಿಗೆಯನ್ನೂ ಇಳಿಸಬೇಡ. ಬ್ರೋಕರ್ ಆಗುತ್ತೆ ಬಿಡಿ ಅಂತಾನೆ, ಅವನಿಗೇನು!

ಹುಡುಗಿಯರಿಗೆ ಬಾಡಿಗೆ ಕೊಟ್ಟರೆ ದಾರಿಗೊಂದು ದೀಪ ಹಾಕಿಸು. ರಾತ್ರಿ ಶಿಫ್ಟ್ ಮುಗಿಸಿ ಬರೋರಿಗೆ ಎಲ್ಲಿಗೆ ಹೋಗಿದ್ದೆ ಅಂತ ಕೇಳೋ ಚಟ ನಿಮ್ಮಪ್ಪನಿಗಿದೆ. ಅವನನ್ನು ಗೇಟಿನ ಹತ್ತಿರ ಕೂರಿಸಬೇಡ.

ಹಿಂದಿನ ಅರ್ಧ ಎಕರೆಯಲ್ಲಿ ನಿಮ್ಮಮ್ಮ ಟೊಮೆಟೊ ಹಾಕ್ತಾಳಲ್ವಾ, ಅದನ್ನು ಮಾತ್ರ ಮುಟ್ಟಬೇಡ.

ದೀಪಾವಳಿಗೆ ಬಾ. ಪ್ಲಾನಿನ ಕಾಗದ, ಪಹಣಿ ಎರಡನ್ನೂ ತಾ. ಆ ಆರು ಮನೆ ತೋರಿಸ್ತೇನೆ. ಎರಡು ಈಗಲೂ ಖಾಲಿ ಇವೆ.

ನಿನ್ನ ದೊಡ್ಡಪ್ಪ