ಆಫ್ರಿಕಾದಲ್ಲಿ ಸಭೆ ಕಟ್ಟಿದವರು

ಪ್ರೀತಿಯ ಗೆಳೆಯಾ,

ಆಫ್ರಿಕಾದಲ್ಲಿ ಕ್ರೈಸ್ತ ಸಭೆಗಳು, ಅಂದರೆ ಚರ್ಚುಗಳು, ಹೇಗೆ ಹರಡಿದವು ಎನ್ನುವ ನನ್ನ ಅಧ್ಯಯನ ಎಲ್ಲಿಗೆ ಬಂತು ಅಂತ ನೀನು ಕೇಳಿ ತಿಂಗಳಾಯಿತು. ತಡ ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನಾನು ಬರೆದಿಟ್ಟಿದ್ದ ನಕ್ಷೆಯೇ ನನಗೆ ತಪ್ಪಾಗಿ ಕಾಣತೊಡಗಿತ್ತು. ಲಂಡನ್ನಿನಿಂದ ಒಂದು ಗೆರೆ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಇನ್ನೊಂದು. ಯಾವ ಮಿಷನ್, ಯಾವ ವರ್ಷ, ಯಾವ ಬಂದರು ಎಲ್ಲ ಇತ್ತು. ಆದರೆ ಗೆರೆ ಬಂದರಿಗೆ ಮುಗಿಯುತ್ತಿತ್ತು. ಅಲ್ಲಿಂದ ಒಳನಾಡಿಗೆ ನಡೆದವರು ಯಾರು?

ಬಾಸೆಲ್ ಮಿಷನ್ ಅಂದರೆ ನಮಗೆ ಕಿಟೆಲ್ ನೆನಪಾಗುತ್ತಾರೆ, ಅಲ್ವಾ? ಆ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಅದಕ್ಕೂ ಆರು ವರ್ಷ ಮೊದಲು, ಈಗ ಘಾನಾ ಎನ್ನುವ ಗೋಲ್ಡ್ ಕೋಸ್ಟಿಗೆ ನಾಲ್ವರನ್ನು ಕಳಿಸಿತ್ತು. ವರ್ಷ ತುಂಬುವುದರೊಳಗೆ ಮೂವರು ತೀರಿಕೊಂಡರು. ಆಮೇಲೆ ಬಂದವರಲ್ಲಿ ಬದುಕುಳಿದ ಆಂಡ್ರಿಯಾಸ್ ರೀಸ್ ಗುಡ್ಡದ ಮೇಲಿನ ಅಕ್ರೊಪಾಂಗ್ ಸೇರಿದರು. ಅಲ್ಲಿನ ಅರಸ ಅವರನ್ನು ಒಂದು ಮಾತು ಕೇಳಿದನಂತೆ. ನಿಮ್ಮ ಪುಸ್ತಕ ಓದಬಲ್ಲ ಕರಿಯ ಮನುಷ್ಯನನ್ನು ತೋರಿಸಿ, ಆಗ ನಾವೂ ಬರುತ್ತೇವೆ ಅಂತ. 1843ರಲ್ಲಿ ಮಿಷನ್ ವೆಸ್ಟ್ ಇಂಡೀಸ್‌ನಿಂದ ಮೊರೇವಿಯನ್ ಎನ್ನುವ ಪ್ರಾಟೆಸ್ಟೆಂಟ್ ಪಂಗಡದ ಕುಟುಂಬಗಳನ್ನು ಕರೆತಂದಿತು. ಹೆಚ್ಚಿನವರು ಜಮೈಕಾದವರು. ಅಲ್ಲಿ ಗುಲಾಮಗಿರಿ ಪೂರ್ತಿ ಕೊನೆಯಾಗಿ ಐದು ವರ್ಷ ಆಗಿತ್ತಷ್ಟೇ. ಸಂಕೋಲೆ ಕಟ್ಟಿ ಯಾರನ್ನು ಕಡಲಾಚೆ ಸಾಗಿಸಿದ್ದರೋ ಅವರ ಮಕ್ಕಳು ಮೊಮ್ಮಕ್ಕಳು ಬೈಬಲ್ ಹಿಡಿದು ವಾಪಸ್ ಬಂದರು. ಇದನ್ನು ಓದಿದ ದಿನ ನಾನು ಮುಂದೆ ಏನೂ ಓದಲಿಲ್ಲ. ಅಟ್ಲಾಂಟಿಕ್ ಅಡ್ಡಲಾಗಿ ಗೆರೆ ಎಳೆಯಬೇಕು ಅಂತ ನನಗೆ ಹೊಳೆದೇ ಇರಲಿಲ್ಲ.

ಸ್ಯಾಮ್ಯುಯೆಲ್ ಕ್ರೌಥರ್ ಬಗ್ಗೆ ಹಿಂದೆ ಹೇಳಿದ್ದೆ. ಈಗಿನ ನೈಜೀರಿಯಾದ ಯೊರುಬಾ ಜನಾಂಗದ ಹುಡುಗ. 1821ರಲ್ಲಿ ಗುಲಾಮನಾಗಿ ಸಿಕ್ಕಿಬಿದ್ದ. ಬ್ರಿಟಿಷ್ ನೌಕೆಯೊಂದು ಬಿಡಿಸಿ ಸಿಯೆರಾ ಲಿಯೋನ್‌ನ ಫ್ರೀಟೌನಿಗೆ ತಂದಿತು. 1864ರಲ್ಲಿ ಅವರೇ ಬಿಷಪ್ ಆದರು. ಅವರ ಬೆನ್ನಿಗೆ ನಿಂತದ್ದು ಲಂಡನ್ನಿನ ಚರ್ಚ್ ಮಿಷನರಿ ಸೊಸೈಟಿಯ ಹೆನ್ರಿ ವೆನ್. ಸಭೆ ತನ್ನ ಖರ್ಚು ತಾನೇ ನೋಡಿಕೊಳ್ಳಬೇಕು, ತನ್ನ ಆಡಳಿತ ತಾನೇ ನಡೆಸಬೇಕು, ತಾನೇ ಬೆಳೆಯಬೇಕು ಎನ್ನುವುದು ವೆನ್ ವಿಚಾರ. ಆದರೆ ವೆನ್ ತೀರಿಕೊಂಡ ಮೇಲೆ ಬಂದ ಬಿಳಿಯ ತರುಣರು 1890ರಲ್ಲಿ ಕ್ರೌಥರ್ ಜೊತೆಗಿದ್ದ ಆಫ್ರಿಕನ್ ಪಾದ್ರಿಗಳನ್ನೇ ಕೆಲಸದಿಂದ ಕಿತ್ತುಹಾಕಿದರು. ಮುದಿ ಬಿಷಪ್ ಮರುವರ್ಷದ ಕೊನೆಯ ದಿನ ಕಣ್ಣುಮುಚ್ಚಿದರು. ಇದು ಅನ್ಯಾಯ. ಆ ಕಾಲವೇ ಹಾಗಿತ್ತು ಅಂತ ಬರೆದು ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಇನ್ನು ಲೈಬೀರಿಯಾದ ವಿಲಿಯಂ ವೇಡ್ ಹ್ಯಾರಿಸ್. ಯಾವ ಮಿಷನ್ನೂ ಕಳಿಸಿದವರಲ್ಲ. 1913ರಲ್ಲಿ ಬಿಳಿ ನಿಲುವಂಗಿ ತೊಟ್ಟು, ಬಿದಿರಿನ ಶಿಲುಬೆ ಹಿಡಿದು ಐವರಿ ಕೋಸ್ಟಿಗೆ ನಡೆದರು. ಜೊತೆಗೆ ಹೆಲೆನ್ ವ್ಯಾಲೆಂಟೈನ್‌ರಂಥ ಹಾಡುವ ಹೆಂಗಸರು. ಒಂದೂವರೆ ವರ್ಷದಲ್ಲಿ ಸುಮಾರು ಒಂದು ಲಕ್ಷ ಜನಕ್ಕೆ ದೀಕ್ಷಾಸ್ನಾನ ಕೊಟ್ಟರು. ಅಲ್ಲಿ ಆಳುತ್ತಿದ್ದ ಫ್ರೆಂಚರು ಅವರನ್ನು ಹಿಡಿದು ಗಡಿಯಾಚೆ ಅಟ್ಟಿದರು. ಹತ್ತು ವರ್ಷದ ಮೇಲೆ ಮೆಥೋಡಿಸ್ಟ್ ಮಿಷನರಿಗಳು ಬಂದು ನೋಡಿದರೆ, ಬೈಬಲ್ ಕಲಿಸುವವರಿಗಾಗಿ ಸಾವಿರಾರು ಜನ ಇನ್ನೂ ಕಾಯುತ್ತಿದ್ದರು. ಆ ಜನರನ್ನು ಅಷ್ಟು ಕಾಲ ಒಟ್ಟಾಗಿ ಹಿಡಿದಿಟ್ಟದ್ದು ಹಳ್ಳಿಗಳ ಹಿರಿಯರು.

ಈಗಿನ ಸಭೆಗಳ ಜಾಲಗಳದು ಬೇರೆಯೇ ರೀತಿ. ನೈಜೀರಿಯಾದ ಲೇಗೊಸ್‌ನಲ್ಲಿ 1952ರಲ್ಲಿ ಹುಟ್ಟಿದ ರಿಡೀಮ್ಡ್ ಕ್ರಿಶ್ಚಿಯನ್ ಚರ್ಚ್ ಆಫ್ ಗಾಡ್ ಈಗ ಯುರೋಪಿನಲ್ಲೂ ಅಮೆರಿಕದಲ್ಲೂ ಸಭೆ ಕಟ್ಟುತ್ತಿದೆ. ಬಡ ದೇಶಗಳ ಊರುಗಳಲ್ಲಿ ಐದು ನಿಮಿಷ ನಡೆದರೆ ಒಂದು ಸಭೆ ಸಿಗಬೇಕು ಎನ್ನುವುದು ಅವರ ಗುರಿ. ಹಳೆಯ ಗೆರೆಗಳು ದಿಕ್ಕು ಬದಲಿಸಿವೆ. 1900ರಲ್ಲಿ ಇಡೀ ಖಂಡದಲ್ಲಿ ಸುಮಾರು ಒಂದು ಕೋಟಿ ಕ್ರೈಸ್ತರು. ಈಗ 60 ಕೋಟಿಗೂ ಜಾಸ್ತಿ.

ಹಾಗಾಗಿ ಹೊಸ ನಕ್ಷೆ ಶುರುಮಾಡಿದ್ದೇನೆ. ಇದರಲ್ಲಿ ಊರಿನ ಪಕ್ಕ ಮಿಷನ್ ಹೆಸರಿಗಿಂತ ಮೊದಲು ಉಪದೇಶಿಯ, ಅಂದರೆ ಅಲ್ಲಿ ಬೋಧಿಸಿದ ಸ್ಥಳೀಯರ, ಹೆಸರಿಗೆ ಜಾಗ. ವರದಿಗಳಲ್ಲಿ ಬರೀ 'ಸ್ಥಳೀಯ ಸಹಾಯಕ' ಅಂತ ಬರೆದಿದ್ದರೆ ಆ ಜಾಗ ಖಾಲಿ ಬಿಡುತ್ತೇನೆ. ಖಾಲಿ ಜಾಗಗಳೇ ಹೆಚ್ಚಿವೆ, ಗೆಳೆಯಾ.

ಮುಂದೆ ಉಗಾಂಡಾದ ಅಪೊಲೊ ಕಿವೆಬುಲಾಯಾ ಅವರ ಬಗ್ಗೆ ಓದಬೇಕು. 1896ರಲ್ಲಿ ಕಾಂಗೋ ಕಾಡಂಚಿನ ಎಂಬೊಗಾಕ್ಕೆ ಹೋದವರು. ಸತ್ತಾಗ ತನ್ನ ಊರಿನ ಕಡೆಗಲ್ಲ, ಆ ಕಾಡಿನ ಕಡೆಗೆ ತಲೆಯಿಟ್ಟು ಹೂಳಿ ಅಂತ ಕೇಳಿಕೊಂಡಿದ್ದರು.

ನಿನ್ನ
ಗೆಳೆಯ