ಮೇಧಾಳಿಗೆ ಒಂದು ಪತ್ರ: ಮರಳಿ ಬಂದವರ ಮಾತು ಕೇಳುವ ಬಗ್ಗೆ

ಚಿ. ಸೌ. ಮೇಧಾಳಿಗೆ ಅತ್ತೆಯ ಆಶೀರ್ವಾದಗಳು.

ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಆಪ್ತ ಸಮಾಲೋಚಕಿಯಾಗಿ ಸೇರಿದ ಸುದ್ದಿ ಓದಿ ಹೆಮ್ಮೆಯಾಯಿತು. ನಿನ್ನಲ್ಲಿಗೆ ಬರುವ ವಿಯೆಟ್ನಾಂ ಯುದ್ಧದ ಅಜ್ಜಂದಿರು ಬಾಯಿಯೇ ಬಿಡುವುದಿಲ್ಲವೆಂದು ಬರೆದಿದ್ದೀಯೆ. ಯುದ್ಧದ ಮಾತನ್ನು ನೀನಾಗಿ ಮೊದಲು ಎತ್ತಬೇಡ. ಮನೆಗೆ ಹೇಗೆ ಮರಳಿದಿರಿ, ಬಂದ ದಿನ ಯಾರು ಜೊತೆಗಿದ್ದರು ಎಂದು ಕೇಳು. ಮನೋವೈದ್ಯಳಾಗಿ ಇಷ್ಟು ವರ್ಷ ಜನರ ಮಾತು ಕೇಳಿದ ಮೇಲೆ, ಅವರ ನೋವಿನ ದೊಡ್ಡ ಪಾಲು ಆ ಮರಳುವಿಕೆಯಲ್ಲೇ ಇದೆಯೆಂದು ನನಗನ್ನಿಸಿದೆ.

ಶತ್ರುವಿನ ಕೈಗೆ ಸಿಕ್ಕ ಅಮೆರಿಕದ ಯುದ್ಧಕೈದಿಗಳ ವಿಷಯವನ್ನೇ ನೋಡು. ಉತ್ತರ ವಿಯೆಟ್ನಾಂನ ರಾಜಧಾನಿ ಹನೋಯ್‌ನ ಹೋವಾ ಲೋ ಸೆರೆಮನೆಯಲ್ಲಿ ಒಬ್ಬೊಬ್ಬರನ್ನೇ ಕೂಡಿಹಾಕಿ, ಮಾತನ್ನೇ ನಿಷೇಧಿಸಿದ್ದಾಗ, ಅವರು ಗೋಡೆ ತಟ್ಟಿ ಮಾತಾಡಿದರು. ಇಂಗ್ಲಿಷ್ ವರ್ಣಮಾಲೆಯಿಂದ 'ಕೆ' ಅಕ್ಷರವನ್ನು ಬಿಟ್ಟು, ಉಳಿದ 25 ಅಕ್ಷರಗಳನ್ನು ಐದೈದರ ಐದು ಸಾಲುಗಳಲ್ಲಿ ಮನಸ್ಸಿನಲ್ಲೇ ಬರೆದುಕೊಳ್ಳುತ್ತಿದ್ದರು. ಮೊದಲು ತಟ್ಟಿದ ಎಣಿಕೆ ಸಾಲಿಗೆ, ಆಮೇಲೆ ತಟ್ಟಿದ್ದು ಆ ಸಾಲಿನೊಳಗಿನ ಸ್ಥಾನಕ್ಕೆ. ಎರಡು ಸಲ, ಮತ್ತೆ ಎರಡು ಸಲ ತಟ್ಟಿದರೆ 'ಜಿ'. ಮೂರು, ಮತ್ತೆ ಮೂರು ತಟ್ಟಿದರೆ 'ಎನ್'. 'ಗುಡ್ ನೈಟ್'ನ ಈ ಎರಡೇ ಅಕ್ಷರಗಳಲ್ಲಿ ರಾತ್ರಿ ಮಲಗುವ ಮುನ್ನ ಪಕ್ಕದ ಕೋಣೆಯವನಿಗೆ ಶುಭರಾತ್ರಿ ಹೇಳಿದಂತಾಗುತ್ತಿತ್ತು. ತೋಳುಗಳನ್ನು ಹಗ್ಗದಿಂದ ಹಿಂದಕ್ಕೆ ಬಿಗಿದು ಹಿಂಸಿಸಿದಾಗ ಬಹುತೇಕ ಎಲ್ಲರೂ ಒಂದಲ್ಲ ಒಂದು ದಿನ ಸೋತು ಏನನ್ನಾದರೂ ಬರೆದುಕೊಟ್ಟವರೇ. ಹಾಗೆ ಸೋತು ಕೋಣೆಗೆ ಮರಳಿ, ದೇಶಕ್ಕೆ ದ್ರೋಹ ಮಾಡಿದೆನೆಂದು ಕೊರಗುತ್ತಿದ್ದವನಿಗೆ ಗೋಡೆಯಾಚೆಯಿಂದ ಬರುತ್ತಿದ್ದ ಉತ್ತರ, ನಮಗೂ ಹಾಗೇ ಆಯಿತು, ಚೇತರಿಸಿಕೊಂಡು ಮತ್ತೆ ಎದುರಿಸು ಎಂಬುದು. ಅದೇ ಸೆರೆಯಲ್ಲಿದ್ದ ಜೇಮ್ಸ್ ಸ್ಟಾಕ್‌ಡೇಲ್ ಅವರಂಥ ಹಿರಿಯ ಅಧಿಕಾರಿಗಳು ಇದನ್ನೇ ನಿಯಮವಾಗಿಸಿದ್ದರು. ನಮ್ಮ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಮದ್ದನ್ನು ನಾನು ಕಂಡಿಲ್ಲ.

1973ರಲ್ಲಿ ಪ್ಯಾರಿಸ್ ಶಾಂತಿ ಒಪ್ಪಂದದ ನಂತರ 591 ಕೈದಿಗಳು ಬಿಡುಗಡೆಯಾದರು. ವಿಮಾನ ಇಳಿದಾಗ ಬ್ಯಾಂಡು, ಬಾವುಟ, ಓಡಿ ಬಂದ ಮಕ್ಕಳು ಎಲ್ಲವೂ ಇದ್ದವು. ಆದರೂ ಎಲ್ಲರ ಬದುಕು ನೇರವಾಗಲಿಲ್ಲ. ಎಲ್ಲರಿಗಿಂತ ಹೆಚ್ಚು ಕಾಲ, ಒಂಬತ್ತು ವರ್ಷಕ್ಕೆ ಕೆಲವೇ ದಿನ ಕಡಿಮೆ ಸೆರೆಯಲ್ಲಿದ್ದ ಫ್ಲಾಯ್ಡ್ ಥಾಂಪ್ಸನ್, ಮೊದಲ ವರ್ಷಗಳನ್ನು ಕಾಡಿನ ಶಿಬಿರಗಳಲ್ಲಿ ತಟ್ಟಲು ಗೋಡೆಯೂ ಇಲ್ಲದೆ ಒಬ್ಬರೇ ಕಳೆದವರು. ಮರಳುವಷ್ಟರಲ್ಲಿ ಹೆಂಡತಿ ಬೇರೆ ಬದುಕು ಕಟ್ಟಿಕೊಂಡಿದ್ದರು, ಮದುವೆ ಮುರಿಯಿತು. ಅವರಿಬ್ಬರಲ್ಲಿ ಯಾರನ್ನೂ ದೂರಲು ನನಗೆ ಮನಸ್ಸು ಬಾರದು.

ನಿನ್ನೆದುರು ಕೂರುವ ಸಾಮಾನ್ಯ ಸೈನಿಕನಿಗೆ ಆ ಗೋಡೆಯೂ ಇರಲಿಲ್ಲ, ಬ್ಯಾಂಡೂ ಇರಲಿಲ್ಲ. ಹನ್ನೆರಡು ತಿಂಗಳ ಪಾಳಿ ಅವನವನದೇ ಲೆಕ್ಕ. ಒಬ್ಬನೇ ಹೋಗಿ ತುಕಡಿ ಸೇರಿಕೊಂಡ, ದಿನ ಮುಗಿದಾಗ ಜೊತೆಗಾರರನ್ನು ಅಲ್ಲೇ ಬಿಟ್ಟು ಒಬ್ಬನೇ ವಿಮಾನ ಹತ್ತಿದ, ಕೆಲವೇ ದಿನಗಳಲ್ಲಿ ಅಮ್ಮನ ಅಡುಗೆಮನೆಯಲ್ಲಿ ಕೂತಿದ್ದ. ಯುದ್ಧವನ್ನು ವಿರೋಧಿಸುತ್ತಿದ್ದವರಿಗೂ ಬೆಂಬಲಿಸುತ್ತಿದ್ದವರಿಗೂ ಅವನ ಮಾತು ಬೇಕಿರಲಿಲ್ಲ. ಅವನ ನಿದ್ದೆಗೇಡಿಗೆ, ಸಿಟ್ಟಿಗೆ, ಬೆಚ್ಚಿಬೀಳುವಿಕೆಗೆ ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿಯುವ ಒತ್ತಡದ ಕಾಯಿಲೆ, ಎಂಬ ಹೆಸರು ಕೊಟ್ಟದ್ದು 1980ರಲ್ಲಿ. ಅಷ್ಟರಲ್ಲಿ ಎಷ್ಟೋ ಜನ ತಮ್ಮಲ್ಲೇ ಏನೋ ಕೊರತೆಯಿದೆಯೆಂದು ನಂಬಿಬಿಟ್ಟಿದ್ದರು.

ಆದ್ದರಿಂದ ಯಾರನ್ನು ಕೊಂದಿರಿ ಎಂದು ಎಂದೂ ಕೇಳಬೇಡ. ಅವರು ತಾವಾಗಿ ಹೇಳಿದರೆ ಮುಖ ತಿರುಗಿಸಬೇಡ, ತಕ್ಷಣ ಸಮಾಧಾನವನ್ನೂ ಹೇಳಬೇಡ. ಅಂಥದ್ದೇ ಅನುಭವವಿರುವ ನಾಲ್ಕು ಜನರ ಗುಂಪಿನಲ್ಲಿ ಅವರನ್ನು ಕೂರಿಸು, ಏಕೆಂದರೆ 'ನನಗೂ ಹಾಗೇ ಆಯಿತು' ಎನ್ನುವ ಅಧಿಕಾರ ನಿನಗಾಗಲಿ ನನಗಾಗಲಿ ಇಲ್ಲ. ಹೆಂಡತಿ ಹೊರಗೆ ಕಾಯುತ್ತಿದ್ದರೆ, ಗಂಡ ಒಪ್ಪಿದಲ್ಲಿ ಒಳಗೆ ಕರೆ. ಅಷ್ಟು ವರ್ಷದ ರಾತ್ರಿಗಳನ್ನು ಕಂಡವರು ಆಕೆ. ಜೊತೆಗೆ ದೇಹದ ಕಾಯಿಲೆಗಳನ್ನೂ ವಿಚಾರಿಸು. ಅಮೆರಿಕದ ಸೇನೆ ವಿಯೆಟ್ನಾಂನ ಕಾಡುಗಳ ಮೇಲೆ ಸಿಂಪಡಿಸಿದ ಏಜೆಂಟ್ ಆರೆಂಜ್ ಕಳೆನಾಶಕದ ಬಗ್ಗೆ 1991ರಲ್ಲಿ ಬಂದ ಕಾನೂನಿನಂತೆ, ಯುದ್ಧದ ಅವಧಿಯಲ್ಲಿ ವಿಯೆಟ್ನಾಂ ನೆಲದಲ್ಲಿ ಸೇವೆ ಸಲ್ಲಿಸಿ, ಪಟ್ಟಿಯಲ್ಲಿರುವ ಕಾಯಿಲೆಗೆ ತುತ್ತಾದವರು ಪರಿಹಾರ ಕೇಳುವಾಗ ಆ ವಿಷ ತಮಗೆ ತಗುಲಿತೆಂದು ಬೇರೆಯಾಗಿ ಸಾಬೀತುಪಡಿಸಬೇಕಿಲ್ಲ. ಇದು ತಿಳಿಯದವರು ಇನ್ನೂ ಇರಬಹುದು. ಅರ್ಜಿ ತುಂಬಲು ಅವರ ಪಕ್ಕದಲ್ಲೇ ಕೂತು ಸಹಾಯ ಮಾಡು.

ನಿನ್ನ ಅತ್ತೆ