ಎರಡನೇ ಪನ್ಸಾ ಮುಗಿಯಿತು

ಈ ಸಲ, 2025ರ ಅಕ್ಟೋಬರ್ 7ಕ್ಕೆ ಇಲ್ಲಿ ಥಾಯ್ಲೆಂಡಿನಲ್ಲಿ ಓಕ್ ಪನ್ಸಾ ಬಂತು. ಮಳೆಗಾಲದ ಮೂರು ತಿಂಗಳು ಒಂದೇ ಕಡೆ ನಿಂತ ಭಿಕ್ಷುಗಳು ವ್ರತ ಮುಗಿಸುವ ದಿನ ಅದು. ನಮ್ಮ ಚಾತುರ್ಮಾಸ್ಯ ಇದ್ದ ಹಾಗೆ. ಮುಗಿಯೋದು ನಾವು ಮಲೆನಾಡಿನವರು ಭೂಮಿ ಹುಣ್ಣಿಮೆ ಮಾಡೋ ಹುಣ್ಣಿಮೆಗೇ. ಅಮ್ಮ ಫೋನ್ ಮಾಡಿ, ಗದ್ದೆಗೆ ಹಚ್ಚಂಬಲಿ ಬೀರಿ ಬಂದೆವು ಅಂದರು. ನಾನು ಹೇಳಿದೆ, "ಅಮ್ಮ, ಮಾವ ಎರಡನೇ ಪನ್ಸಾನೂ ಕುಡಿಯದೆ ಮುಗಿಸಿದರು." ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ನಿನ್ನ ಹೆಂಡತಿಗೆ ಫೋನ್ ಕೊಡು" ಅಂದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರೋದಿಲ್ಲ. ಇಬ್ಬರೂ ಸುಮ್ನೆ ಅತ್ತರು.

ಮಾವ ಕುಡಿತ ಬಿಟ್ಟು 15 ತಿಂಗಳಾಯಿತು. ನಡುವೆ ಮೂರು ದಿನ ತಪ್ಪಿತ್ತು. ಅದನ್ನೂ ಮುಚ್ಚಿಡದೆ ಹೇಳುತ್ತೇನೆ. ಈ 15 ತಿಂಗಳಿಗೆ ಋಣ ಬಹಳ ಜನರದ್ದಿದೆ. ಇಲ್ಲಿಯವರಿಗೆ ಎದುರಿಗೆ ಥ್ಯಾಂಕ್ಸ್ ಹೇಳಿದರೆ "ಬೊ ಪೆನ್ ಯಂಗ್" ಅಂತಾರೆ. ಪರವಾಗಿಲ್ಲ ಬಿಡು ಅಂತ. ಮಾತು ಅಲ್ಲಿಗೇ ನಿಂತುಬಿಡುತ್ತದೆ. ನನಗೆ ಅಷ್ಟಕ್ಕೇ ನಿಲ್ಲಿಸೋಕೆ ಮನಸ್ಸಿಲ್ಲ. ಅದಕ್ಕೇ ನನ್ನ ಭಾಷೆಯಲ್ಲಿ, ಇಷ್ಟು ವರ್ಷ ನನ್ನ ಗೋಳು ಕೇಳಿದ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ನಾನು ಶಿವಮೊಗ್ಗ ಜಿಲ್ಲೆಯವನು. ಮದುವೆಯಾಗಿದ್ದು ಥಾಯ್ಲೆಂಡಿನ ಈಸಾನ್ ಸೀಮೆಯ ಹುಡುಗಿಯನ್ನು. ಈಸಾನ್ ಅಂದರೆ ಆ ದೇಶದ ಈಶಾನ್ಯ ಭಾಗ. ಹೆಸರು ಕೂಡ ನಮ್ಮ ಈಶಾನ್ಯದಿಂದಲೇ ಬಂದದ್ದು. ಮೊದಲು ಬ್ಯಾಂಕಾಕ್‌ನಲ್ಲಿದ್ದೆವು. 2020ರ ಮಾರ್ಚ್‌ನಲ್ಲಿ ನನ್ನ ಕೆಲಸ ಹೋಯಿತು. ರೋಯ್ ಎಟ್ ಪ್ರಾಂತ್ಯದಲ್ಲಿರುವ ಅವಳ ಹಳ್ಳಿಗೆ ಬಂದೆವು. ನಮ್ಮಲ್ಲಿ ಮನೆ ಅಳಿಯ ಅಂದರೆ ಜನ ಒಂಥರಾ ನೋಡುತ್ತಾರೆ, ಅಲ್ವಾ? ಈಸಾನ್‌ನಲ್ಲಿ ಅಳಿಯ ಹೆಂಡತಿ ಮನೆಗೆ ಬರೋದೇ ಹಳೇ ಪದ್ಧತಿ. ಬಿಳಿಯರಾದರೆ ಫರಂಗ್ ಅಂತಾರೆ. ನಮ್ಮಂಥವರಿಗೆ ಖೇಕ್ ಅಂತಾರೆ. ಆ ಪದಕ್ಕೆ ಅತಿಥಿ ಅಂತಲೂ ಅರ್ಥ ಇದೆ. ನಾನು ಊರಿಗೆಲ್ಲ "ಖೇಕ್ ಅಳಿಯ" ಆದೆ.

ಮಾವ ಆಗಲೇ ದಿನಾ ಕುಡಿಯುತ್ತಿದ್ದರು. ಇಲ್ಲಿ ಲಾವ್ ಖಾವ್ ಅಂತ ಸಿಗುತ್ತದೆ, ಬಿಳಿ ಸಾರಾಯಿ. 625 ಮಿಲಿಲೀಟರ್ ಬಾಟಲಿ, 40 ಡಿಗ್ರಿ. ನೋಡೋಕೆ ನೀರಿನ ಹಾಗೇ ಇರುತ್ತದೆ. ಜಗಲಿ ಮೇಲೆ ಚಾಪೆ ಹಾಸಿ ನಾಲ್ಕೈದು ಜನ ಕೂರುತ್ತಾರೆ. ಎಲ್ಲರಿಗೂ ಸೇರಿ ಒಂದೇ ಪುಟ್ಟ ಗ್ಲಾಸು. ಒಬ್ಬ ಸುರಿದು ಕೊಡುತ್ತಾನೆ, ಇನ್ನೊಬ್ಬ ಗಟಗಟ ಕುಡಿದು ತಳದ ಹನಿಯನ್ನು ನೆಲಕ್ಕೆ ಕೊಡವುತ್ತಾನೆ, ಗ್ಲಾಸು ಮುಂದಕ್ಕೆ ಹೋಗುತ್ತದೆ. ನಂಜಿಕೊಳ್ಳೋಕೆ ಹುಳಿ ಮಾವಿನಕಾಯಿ, ಉಪ್ಪು. ಗ್ಲಾಸು ನಿಮ್ಮ ಹತ್ತಿರ ಬಂದಾಗ ಬೇಡ ಅನ್ನೋದು ಕಷ್ಟ. ಅದು ಸಾರಾಯಿಯನ್ನು ಬೇಡ ಅಂದ ಹಾಗಲ್ಲ, ಕೂತವರನ್ನೇ ಬೇಡ ಅಂದ ಹಾಗೆ.

ಮಾವ ಮಾತ್ರ ಬೆಳಿಗ್ಗೆ ಆರಕ್ಕೇ ಶುರು ಮಾಡುತ್ತಿದ್ದರು. 2008ರ ಕಾನೂನಿನಲ್ಲಿ ಮಾರೋ ಹೊತ್ತಿಗೆ ಮಿತಿ ಇದೆ. ಆದರೆ ಹಳ್ಳಿ ಅಂಗಡಿಯ ಹಿಂಬಾಗಿಲಿಗೆ ಗಡಿಯಾರ ಎಲ್ಲಿರುತ್ತದೆ? ಒಂದು ಗುಟುಕು ಹೋಗೋ ತನಕ ಅವರ ಕೈ ನಿಲ್ಲುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಗು. ಸಂಜೆ ಕೂಗಾಟ. ರಾತ್ರಿ ಅತ್ತೆ ಮಗಳ ಕೋಣೆಗೆ ಬಂದು ಚಿಲಕ ಹಾಕಿಕೊಳ್ಳುತ್ತಿದ್ದರು.

ನಾನು ಏನು ಮಾಡಿದೆ? ಬಾಟಲಿ ತಂದುಕೊಟ್ಟೆ. ಹೌದು, ನಿಜ ಹೇಳಬೇಕು. ಅಳಿಯನಾದವನು ಮಾವನಿಗೆ ಏನಾದರೂ ತರಬೇಕು ಅಂತ ಒಳ್ಳೇ ಬಾಟಲಿ ತರುತ್ತಿದ್ದೆ. ಅವರ ಮುಖ ಅರಳೋದು ನೋಡಿ ಖುಷಿಪಡುತ್ತಿದ್ದೆ. ಇನ್ನೊಂದು ಭಯವೂ ಇತ್ತು. ವಿದೇಶಿಯರು ಇಲ್ಲಿ ಜಮೀನು ಕೊಳ್ಳೋ ಹಾಗಿಲ್ಲ. ಮನೆ ಅವರದ್ದು, ಗದ್ದೆ ಅವರದ್ದು, ನನ್ನ ವೀಸಾ ಅವರ ಮಗಳ ಗಂಡ ಅನ್ನೋ ಕಾರಣಕ್ಕೆ ಸಿಕ್ಕಿದ್ದು. ಅಂಥವರ ಎದುರು ನಿಂತು ಬಾಯಿ ತೆಗೆಯೋದು ಹೇಗೆ? ಥಾಯ್‌ನಲ್ಲಿ ಕ್ರೆಂಗ್ ಜಾಯ್ ಅಂತ ಒಂದು ಮಾತಿದೆ. ಇನ್ನೊಬ್ಬರಿಗೆ ಮುಜುಗರ ಆಗಬಾರದು ಅಂತ ನಾವು ಹಿಂದೆ ಸರಿಯೋದು. ನಮ್ಮ ದಾಕ್ಷಿಣ್ಯಕ್ಕೆ ಹತ್ತಿರ. ಮನೆಯಲ್ಲಿ ಎಲ್ಲರೂ ಅದನ್ನೇ ಹೊದ್ದು ಮಲಗಿದ್ದೆವು.

2020ರ ಏಪ್ರಿಲ್‌ನಲ್ಲಿ ಕೋವಿಡ್ ಅಂತ ದೇಶದಲ್ಲೆಲ್ಲ ಮದ್ಯ ಮಾರಾಟ ನಿಲ್ಲಿಸಿದರು. ನಾನು ಒಳಗೊಳಗೇ ಖುಷಿಪಟ್ಟೆ. ನಾಲ್ಕು ದಿನ ಸಿಗದಿದ್ದರೆ ಮೈ ತಾನಾಗಿಯೇ ತೊಳೆದುಹೋಗುತ್ತದೆ ಅಂದುಕೊಂಡೆ. ಎರಡನೇ ದಿನ ಬೆವರು, ವಾಂತಿ. ಆ ರಾತ್ರಿ ಗೋಡೆ ತುಂಬಾ ಇರುವೆ ಅಂತ ಕೈಯಿಂದ ಒರೆಸುತ್ತಾ ಕೂತರು. ಒಂದೂ ಇರುವೆ ಇರಲಿಲ್ಲ. ಬೆಳಗಿನ ಜಾವ ಫಿಟ್ಸ್ ಬಂತು. ಪಕ್ಕದ ಮನೆಯವರ ಪಿಕಪ್‌ನಲ್ಲಿ ಹಾಕಿಕೊಂಡು ಓಡಿದೆವು. ವರ್ಷಗಟ್ಟಲೆ ಹೀಗೆ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ ಅಂತ ಡಾಕ್ಟರ್ ಹೇಳಿದರು. ನನಗೆ ಗೊತ್ತಿರಲಿಲ್ಲ. ನಾನು "ಬಿಡು, ಸರಿಹೋಗುತ್ತದೆ" ಅಂತ ಹೆಂಡತಿಯನ್ನು ಎರಡು ದಿನ ತಡೆದಿದ್ದೆ.

ಮೇ 3ಕ್ಕೆ ಅಂಗಡಿ ತೆರೆಯಿತು. ಮಾವ ಮತ್ತೆ ಕುಡಿದರು. ಆಮೇಲೆ ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಬಿಟ್ಟರೆ ಸತ್ತುಹೋಗುತ್ತಾರೆ, ಕುಡಿಯಲಿ ಬಿಡಿ. ನಾಲ್ಕು ವರ್ಷ ಹಾಗೇ ಹೋಯಿತು. ಆ ನಾಲ್ಕು ವರ್ಷದ ಬಗ್ಗೆ ಜಾಸ್ತಿ ಬರೆಯೋದಿಲ್ಲ. ಬೈಕಿನಿಂದ ಬಿದ್ದದ್ದು, ಎಮ್ಮೆ ಮಾರಿದ್ದು, ಎಲ್ಲ ಆಯಿತು.

ಈಗ ಋಣದ ಮಾತು.

ಮೊದಲು ಬೆಂಗಳೂರಿನ ನನ್ನ ಗೆಳತಿಗೆ. ಅವಳು ಮಾನಸಿಕ ರೋಗಿಗಳನ್ನು ನೋಡಿಕೊಳ್ಳೋ ನರ್ಸ್. 2024ರ ಜೂನ್‌ನಲ್ಲಿ ಒಂದು ರಾತ್ರಿ ಅವಳಿಗೆ ಫೋನ್ ಮಾಡಿ ಗಂಟೆಗಟ್ಟಲೆ ಮಾವನನ್ನು ಬೈದೆ. ಎಲ್ಲ ಕೇಳಿದಳು. ಕೊನೆಗೆ "ಅದು ಹಟ ಅಲ್ಲ ಕಣೋ, ಕಾಯಿಲೆ. ನೀವಿರೋ ದೇಶದಲ್ಲೂ ಇದಕ್ಕೆ ಅಂತ ಯಾರೋ ಇದ್ದೇ ಇರುತ್ತಾರೆ, ಹುಡುಕು" ಅಂದಳು. ಮಾರನೇ ದಿನ ಹೆಂಡತಿಗೆ ಹೇಳಿದೆ. ಇಲ್ಲಿ 1413 ಅಂತ ಒಂದು ನಂಬರ್ ಇದೆ. ಕುಡಿತ ಬಿಡಬೇಕು ಅನ್ನುವವರಿಗೆ ಇರೋ ಸಹಾಯವಾಣಿ, ಮನೆಯವರೂ ಮಾಡಬಹುದು. ಅವಳು ಗದ್ದೆ ಬದುವಿನ ಮೇಲೆ ಕೂತು ಮಾಡಿದಳು. ಮನೆಯಲ್ಲಿ ಮಾಡೋಕೆ ಧೈರ್ಯ ಇರಲಿಲ್ಲ. ಆ ಕಡೆಯ ದನಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಆಕೆ ಕೇಳಿದ್ದೆಲ್ಲ ಸಣ್ಣ ಸಣ್ಣ ಪ್ರಶ್ನೆ. ದಿನಕ್ಕೆ ಎಷ್ಟು? ಬೆಳಿಗ್ಗೆ ಕೈ ನಡುಗುತ್ತಾ? ಹಿಂದೆ ಫಿಟ್ಸ್ ಬಂದಿತ್ತಾ? ಹಾಗಾದರೆ ಮನೆಯಲ್ಲಿ ನಿಲ್ಲಿಸಬೇಡಿ, ಆಸ್ಪತ್ರೆಯಲ್ಲೇ ನಿಲ್ಲಿಸಬೇಕು. ನಾಲ್ಕು ವರ್ಷ ನಮ್ಮನ್ನು ಕಟ್ಟಿಹಾಕಿದ್ದ ಭಯದ ಗಂಟನ್ನು ಆಕೆ ಹತ್ತು ನಿಮಿಷದಲ್ಲಿ ಬಿಚ್ಚಿದರು.

ಆದರೆ ಮಾವನಿಗೆ ಹೇಳೋರು ಯಾರು? ಹೆಂಡತಿ ಮಗಳು, ನಾನು ಅಳಿಯ. ಇಬ್ಬರೂ ಚಿಕ್ಕವರು. ಇಲ್ಲಿ ಪ್ರತಿ ಹಳ್ಳಿಯಲ್ಲೂ ಓ ಸೋ ಮೋ ಅಂತ ಆರೋಗ್ಯ ಸ್ವಯಂಸೇವಕರಿದ್ದಾರೆ. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ. ದೇಶದಲ್ಲಿ 10 ಲಕ್ಷಕ್ಕೂ ಜಾಸ್ತಿ ಇದ್ದಾರೆ. ಸಿಗೋದು ತಿಂಗಳಿಗೆ 2,000 ಬಾತ್ ಗೌರವಧನ ಅಷ್ಟೇ. ನಮ್ಮ ಬೀದಿಯವರಿಗೆ ಸುಮಾರು 60 ವರ್ಷ. ಬಿಪಿ ನೋಡೋ ನೆಪದಲ್ಲಿ ಬಂದರು. ಮಾವನ ತೋಳಿಗೆ ಪಟ್ಟಿ ಸುತ್ತಿ, ಮೀಟರ್ ನೋಡುತ್ತಾ, ತಲೆ ಎತ್ತದೆ, "ಅಣ್ಣ, ಈ ಸಲ ನನ್ನ ಜೊತೆ ಆಸ್ಪತ್ರೆಗೆ ಬರ್ತೀಯಾ? ನಾನೇ ಕರ್ಕೊಂಡು ಹೋಗ್ತೀನಿ" ಅಂದರು. ಮಾವ ಉತ್ತರ ಕೊಡಲಿಲ್ಲ. ಅವರು ಮರುದಿನವೂ ಬಂದರು. ಹೀಗೆ ಒಂಬತ್ತು ದಿನ. ಒಂದು ದಿನವೂ ಬೈಯಲಿಲ್ಲ. ಹತ್ತನೇ ದಿನ ಮಾವ ತಾವೇ ಅಂಗಿ ಹಾಕಿಕೊಂಡು ಜಗಲಿ ಮೇಲೆ ಕೂತಿದ್ದರು.

ಆಸ್ಪತ್ರೆಯಲ್ಲಿ ಏಳು ದಿನ. ನಡುಕ ಏಳದ ಹಾಗೆ ಮಾತ್ರೆ, ಬಿ1 ವಿಟಮಿನ್ ಇಂಜೆಕ್ಷನ್. ಸರ್ಕಾರಿ ಆರೋಗ್ಯ ಯೋಜನೆ ಇದ್ದದ್ದರಿಂದ ಹಣದ ಚಿಂತೆ ಇರಲಿಲ್ಲ.

ಊರ ವಾಟ್‌ನ, ಅಂದರೆ ಬೌದ್ಧ ದೇವಸ್ಥಾನದ, ದೊಡ್ಡ ಗುರುಗಳಿಗೂ ನಮಸ್ಕಾರ. ಪನ್ಸಾದ ಮೂರು ತಿಂಗಳು ಕುಡಿಯಬೇಡಿ ಅಂತ ಇಲ್ಲಿ 2003ರಿಂದ ಆಂದೋಲನ ನಡೆಯುತ್ತಿದೆ. ಜನ ವಾಟ್‌ಗೆ ಹೋಗಿ ಸಂಕಲ್ಪ ಮಾಡುತ್ತಾರೆ. ಗುರುಗಳು ಮಾವನಿಗೆ ಮೊದಲೇ ಹೇಳಿ ಕಳಿಸಿದ್ದರು: ಮೊದಲು ಡಾಕ್ಟರ ಹತ್ತಿರ, ಆಮೇಲೆ ಬುದ್ಧನ ಹತ್ತಿರ. ಜುಲೈ 21, ಪನ್ಸಾ ಶುರುವಾಗೋ ಖಾವ್ ಪನ್ಸಾ ದಿನ ಮಾವ ಮೇಣದ ಬತ್ತಿ ಹಿಡಿದು ಕೂತರು. ಮೂರು ತಿಂಗಳು ಪೂರೈಸಿದವರನ್ನು ಆ ಆಂದೋಲನದವರು "ಕಲ್ಲೆದೆಯವರು" ಅಂತ ಕರೆಯುತ್ತಾರೆ. ನಮ್ಮಲ್ಲಿ ಕಲ್ಲೆದೆ ಅಂದರೆ ಬೈಗುಳ. ಇಲ್ಲಿ ಅದು ಬಿರುದು.

ಇನ್ನು ಅಂಗಡಿಯಮ್ಮ. ಇವರ ಬಗ್ಗೆ ನಿಧಾನವಾಗಿ ಹೇಳಬೇಕು. ಮಾವನ ಸಾಲದ ಲೆಕ್ಕ ಇದ್ದದ್ದು ಅವರ ನೀಲಿ ನೋಟ್‌ಬುಕ್‌ನಲ್ಲಿ. ತಿಂಗಳಿಗೆ 30 ಬಾಟಲಿ ವ್ಯಾಪಾರ. ಮಾವ ಆಸ್ಪತ್ರೆಯಲ್ಲಿದ್ದಾಗ ನನ್ನ ಹೆಂಡತಿ ಹೋಗಿ ಸಾಲ ತೀರಿಸಿ ಸುಮ್ನೆ ನಿಂತಳು. ಕೇಳೋಕೆ ಮಾತು ಬರಲಿಲ್ಲ. ಅಂಗಡಿಯಮ್ಮನೇ ಆ ಹಾಳೆ ಹರಿದು ಅವಳ ಕೈಗೆ ಕೊಟ್ಟರು. ಮಾವ ಮನೆಗೆ ಬರೋ ಹೊತ್ತಿಗೆ ಎದುರಿನ ಕಪಾಟಿನ ಬಿಳಿ ಬಾಟಲಿಗಳು ಇರಲಿಲ್ಲ. ಅಲ್ಲಿ ಸೋಪು, ಮೀನಿನ ಸಾಸು. ಸಾರಾಯಿ ಮಾರೋದನ್ನು ಅವರು ಬಿಡಲಿಲ್ಲ, ಹೊಟ್ಟೆಪಾಡು. ಆದರೆ ಅದು ಒಳಗೆ, ಪರದೆ ಹಿಂದೆ ಹೋಯಿತು. ಬೆಳಿಗ್ಗೆ ಆರಕ್ಕೆ ಮಾವನ ಕಾಲು ಅಭ್ಯಾಸಬಲದಿಂದ ಹಿಂಬಾಗಿಲಿಗೆ ಹೋದವು. ಅವರು ಬಿಸಿ ಸೋಯಾ ಹಾಲಿನ ಲೋಟ ಮುಂದಿಟ್ಟರು. ಏನೂ ಕೇಳಲಿಲ್ಲ, ಏನೂ ಹೇಳಲಿಲ್ಲ. ಮಾವ ಇವತ್ತಿಗೂ ಬೆಳಿಗ್ಗೆ ಆರಕ್ಕೆ ಅಲ್ಲಿಗೇ ಹೋಗುತ್ತಾರೆ. ಹಾಲು ಕುಡಿದು ಬರುತ್ತಾರೆ.

ನವೆಂಬರ್‌ನಲ್ಲಿ ಕೊಯ್ಲು. ಈಗ ಹೆಚ್ಚಿನ ಗದ್ದೆ ಯಂತ್ರವೇ ಕೊಯ್ಯುತ್ತದೆ. ಕೆಸರು ಆರದ ತಗ್ಗಿನ ಗದ್ದೆಗೆ ಮಾತ್ರ ಕೈಯೇ ಬೇಕು. ನಮ್ಮ ಮುಯ್ಯಾಳಿನ ಹಾಗೆ ಇಲ್ಲೂ ಒಬ್ಬರಿಗೊಬ್ಬರು ಹೋಗುತ್ತಾರೆ. ಕೆಲಸ ಮುಗಿದ ಮೇಲೆ ಮನೆಯವರು ಲಾವ್ ಖಾವ್ ಕೊಡೋದು ರೂಢಿ. ಅತ್ತೆಗೆ ರಾತ್ರಿಯಿಡೀ ನಿದ್ದೆ ಇಲ್ಲ. ಸಾರಾಯಿ ಇಲ್ಲ ಅಂದರೆ ಯಾರು ಬರುತ್ತಾರೆ? 14 ಜನ ಬಂದರು. ಸುಟ್ಟ ಕೋಳಿ, ಪಪ್ಪಾಯಿ ಸಲಾಡು, ಅಂಟಕ್ಕಿ ಅನ್ನ ತಿಂದರು. ಕೆಂಪು ಶರಬತ್ತು ಕುಡಿದರು. ಮಾವನ ಹಳೇ ಚಾಪೆಯ ಗೆಳೆಯರೂ ಇದ್ದರು. ಅವರಲ್ಲೊಬ್ಬರು ಆ ತಿಂಗಳಿನಿಂದ ತಮ್ಮ ಚಾಪೆಯನ್ನು ನಮ್ಮ ಬೀದಿ ಬಿಟ್ಟು ಕೆರೆ ದಂಡೆಗೆ ಒಯ್ದರು. ಅವರು ಈಗಲೂ ಕುಡಿಯುತ್ತಾರೆ. ನಮ್ಮ ಮನೆ ಮುಂದೆ ಕುಡಿಯೋದಿಲ್ಲ. ಅಷ್ಟಕ್ಕೇ ನನಗೆ ಅವರ ಕಾಲು ಮುಟ್ಟಬೇಕು ಅನ್ನಿಸುತ್ತದೆ.

ತಪ್ಪಿದ ಮೂರು ದಿನ ಈ ವರ್ಷದ ಸೊಂಗ್‌ಕ್ರಾನ್ ಹಬ್ಬದಲ್ಲಿ, ಅಂದರೆ ಥಾಯ್ ಹೊಸವರ್ಷದಲ್ಲಿ. ಬ್ಯಾಂಕಾಕ್‌ನಿಂದ ನೆಂಟರು ಬಂದಿದ್ದರು, ಗ್ಲಾಸು ಬಂತು, ಮಾವ ತಗೊಂಡರು. ಏಪ್ರಿಲ್ 14ರಿಂದ 16. ನನಗೆ ಎಲ್ಲ ಮುಗಿದುಹೋಯಿತು ಅನ್ನಿಸಿತು. ನಾನು ಮುಖ ತಿರುಗಿಸಿಕೊಂಡೆ. ಓ ಸೋ ಮೋ ಅಮ್ಮ 17ರ ಬೆಳಿಗ್ಗೆ ಬಿಪಿ ಮೀಟರ್ ಹಿಡಿದು ಬಂದರು, ಮೊದಲಿನ ಹಾಗೇ. ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ವಾಪಸ್ ಬಂದ ಮೇಲೆ ಅತ್ತೆ ಸೂ ಖ್ವಾನ್ ಮಾಡಿಸಿದರು. ಖ್ವಾನ್ ಅಂದರೆ ಜೀವಚೈತನ್ಯ. ಮೈಯಲ್ಲಿ ಅಂಥ 32 ಖ್ವಾನ್ ಇರುತ್ತವೆ, ಬೆದರಿದಾಗ, ಕಾಯಿಲೆ ಬಿದ್ದಾಗ ದೇಹ ಬಿಟ್ಟು ಅಲೆಯುತ್ತವೆ ಅಂತ ಈಸಾನ್ ಜನರ ನಂಬಿಕೆ. ಅವನ್ನು ಕರೆದು ಕೈಗೆ ಬಿಳಿ ನೂಲು ಕಟ್ಟುತ್ತಾರೆ. ಊರವರೆಲ್ಲ ಒಬ್ಬೊಬ್ಬರೇ ಮಾವನ ಮಣಿಕಟ್ಟಿಗೆ ಕಟ್ಟಿದರು. ನನ್ನ ಸರದಿ ಬಂದಾಗ ಕೈ ನಡುಗಿದ್ದು ನನ್ನದು. ಗಂಟು ಬೀಳಲಿಲ್ಲ. ಮಾವ ಇನ್ನೊಂದು ಕೈಯಿಂದ ನೂಲಿನ ತುದಿ ಹಿಡಿದುಕೊಟ್ಟರು.

ಅತ್ತೆಗೆ, ಹೆಂಡತಿಗೆ ಇಲ್ಲಿ ಬರೆದರೆ ಸಾಲದು. ಮನೆಯಲ್ಲೇ ಹೇಳುತ್ತೇನೆ, ದಿನಾ. ರಾತ್ರಿ ಎಷ್ಟು ಹೊತ್ತಾದರೂ ಫೋನ್ ಎತ್ತಿದ ಅಕ್ಕನಿಗೆ, ನಮ್ಮ ಕಡೆ ಮದ್ಯವರ್ಜನ ಶಿಬಿರದಲ್ಲಿ ಕುಡಿತ ಬಿಟ್ಟು ತನ್ನ ಕತೆಯನ್ನು ನಾಚಿಕೆ ಇಲ್ಲದೆ ನನಗೆ ಹೇಳಿದ ಚಿಕ್ಕಪ್ಪನ ಮಗನಿಗೆ, ದುಡ್ಡು ಕಳಿಸಿ ವಾಪಸ್ ಕೇಳದ ಇಬ್ಬರು ಗೆಳೆಯರಿಗೆ, ನಿಮಗೆಲ್ಲ ನಾನು ಋಣಿ.

ಮತ್ತೆ ಮಾವನಿಗೆ. ಅವರು ಈಗ ಜಗಲಿ ಮೇಲೆ ಕೂತು ಮೀನಿನ ಬಲೆ ಹೆಣೆಯುತ್ತಾರೆ. ಬಿದಿರಿನ ಲಾಳಿಗೆ ನೂಲು ಸುತ್ತಿ, ಒಂದೊಂದೇ ಗಂಟು, ಎಲ್ಲ ಒಂದೇ ಅಳತೆ. ನನ್ನ ಆರು ವರ್ಷದ ಮಗಳು ಪಕ್ಕದಲ್ಲಿ ಕೂತು ಲಾಳಿ ತುಂಬಿಸಿಕೊಡುತ್ತಾಳೆ. ಇಲ್ಲಿ ತಾಯಿಯ ಅಪ್ಪನಿಗೆ "ತಾ" ಅಂತಾರೆ. ನಮ್ಮ ತಾತನ ಅರ್ಧ. ಮೊದಲು ಅವಳು ಆ ಅರ್ಧವನ್ನೂ ಕೂಗುತ್ತಿರಲಿಲ್ಲ.

ನಿನ್ನೆ ನಾನು ಬರೆಯುತ್ತಾ ಕೂತಿದ್ದೆ. ಏನದು ಅಂತ ಮಾವ ಕೇಳಿದರು. ನನ್ನ ಊರವರಿಗೆ ಬರೆಯುತ್ತಿದ್ದೇನೆ, ನಿಮಗೆ ಸಹಾಯ ಮಾಡಿದವರ ಬಗ್ಗೆ, ಅಂದೆ. ಲಾಳಿ ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದರು.

"ಅಂಗಡಿಯವಳ ಬಗ್ಗೆ ಬರೆದೆಯಾ? ಅವಳಿಗೆ ಜಾಸ್ತಿ ನಷ್ಟ ಆಯಿತು."

ಬರೆದಿದ್ದೇನೆ ಅಂದೆ. ತಲೆ ಆಡಿಸಿ ಮುಂದಿನ ಗಂಟು ಹಾಕಿದರು.